ತಮ್ಮನ ಗಡ್ಡೆಯ ಚೂರು ಅವನ ಮುಂದಿನ ದಿನಗಳನ್ನು ಹೇಳಬಲ್ಲದೇ? ಸಾರ್ಕಾಯ್ಡೋಸಿಸ್ ಬಗ್ಗೆ ತಿಳಿದವರು ದಯವಿಟ್ಟು ಬರೆಯಿರಿ

ಗಂಗಾವತಿಯ ಅಕ್ಕ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 34 ವರ್ಷ. ಈಗ ಭತ್ತದ ಲಾರಿ ಓಡಿಸುತ್ತಾನೆ. ಅದಕ್ಕೂ ಮೊದಲು ಆರು ವರ್ಷ ಸಂಡೂರಿನ ಕಡೆ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಕಳೆದ ವರ್ಷ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ಬಂದ ಮೇಲೆ ಅವನಿಗೆ ಒಣಕೆಮ್ಮು ಹಿಡಿಯಿತು. ತೇರಿನ ದಿನದ ದೂಳಿನಿಂದ ಎಂದುಕೊಂಡು ಸುಮ್ಮನಿದ್ದೆವು. ತಿಂಗಳಾದರೂ ಬಿಡಲಿಲ್ಲ. ಕೊರಳಲ್ಲಿ ಎರಡು ಗಡ್ಡೆ ಎದ್ದವು, ಅಂಗಿ ಸಡಿಲವಾಗುವಷ್ಟು ತೂಕ ಇಳಿಯಿತು.

ಸೂಜಿ ಚುಚ್ಚಿ ತೆಗೆದು ನೋಡಿದ ವರದಿಯಲ್ಲಿ ‘ಗ್ರ್ಯಾನುಲೋಮಾ’ ಎಂಬ ಮಾತಿತ್ತು. ಅಷ್ಟರಿಂದಲೇ ಟಿಬಿ ಎಂದು ತೀರ್ಮಾನವಾಯಿತು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ. ಕೈಗೆ ಚುಚ್ಚಿ ನೋಡುವ ಪರೀಕ್ಷೆಯಲ್ಲೂ ಚರ್ಮ ಉಬ್ಬಿರಲಿಲ್ಲ. ಆದರೂ ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದ. ಅವನ ತಟ್ಟೆ, ಲೋಟ ಬೇರೆ ಇಟ್ಟೆವು. ಅವನ ಐದು ವರ್ಷದ ಮಗಳನ್ನು ಅವನ ಪಕ್ಕದಲ್ಲಿ ಮಲಗಲು ಬಿಡಲಿಲ್ಲ. ಅದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗಡ್ಡೆ ಕರಗದಿದ್ದಾಗ ಒಂದನ್ನು ಪೂರ್ತಿ ತೆಗೆದು ಪರೀಕ್ಷೆಗೆ ಕಳುಹಿಸಿದರು. ಆಗ ಬಂದ ಹೆಸರು ಸಾರ್ಕಾಯ್ಡೋಸಿಸ್, ದೇಹದ ರಕ್ಷಣಾ ಕೋಶಗಳೇ ಗುಂಪುಗಟ್ಟಿ ಅಂಗಗಳಲ್ಲಿ ಗಂಟು ಮಾಡುವ ರೋಗವಂತೆ. ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಬುಡದ ಗ್ರಂಥಿಗಳು ಎರಡೂ ಕಡೆ ದಪ್ಪಗಾಗಿವೆ. ವೈದ್ಯರು ಸ್ಟಿರಾಯ್ಡ್ ಕೊಡಲಿಲ್ಲ. ‘ಮೂರು ತಿಂಗಳು ಕಾದು ನೋಡೋಣ, ಬಹಳ ಜನರಲ್ಲಿ ತಾನಾಗಿಯೇ ಹೋಗುತ್ತದೆ, ಕೆಲವರಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತದೆ’ ಎಂದರು. ನನ್ನ ತಮ್ಮ ಯಾವ ಗುಂಪಿನವನು ಎಂದು ಕೇಳಿದೆ. ಈಗಲೇ ಹೇಳಲಾಗದು ಎಂದರು.

ತೆಗೆದ ಗಡ್ಡೆ ಮೇಣದ ಬ್ಲಾಕ್ ರೂಪದಲ್ಲಿ ಆಸ್ಪತ್ರೆಯಲ್ಲೇ ಇದೆಯಂತೆ. ಮುಂದೆ ರೋಗ ಯಾವ ಕಡೆ ತಿರುಗುತ್ತದೆ ಎಂಬ ಗುರುತು ಅದರೊಳಗೆ ಸಿಗುವುದಿಲ್ಲವೇ? ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆದಾಗ ಗಡ್ಡೆಯ ಚೂರಿಗೇ ಇಆರ್, ಪಿಆರ್, ಹರ್-2 ಎಂದು ಪರೀಕ್ಷೆ ಮಾಡಿ ಔಷಧಿ ಗೊತ್ತುಮಾಡಿದ್ದರು. ಇದಕ್ಕೂ ಅಂಥದ್ದು ಇದೆಯೇ?

ಹನ್ನೆರಡು ವರ್ಷದ ರೋಗಿ, ರಾಯಚೂರು:

ಅಕ್ಕನವರೇ, ನಾನೂ ಹನ್ನೆರಡು ವರ್ಷದಿಂದ ಇದೇ ರೋಗದವನು. ತಟ್ಟೆ ಲೋಟ ಒಂದುಗೂಡಿಸಿ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಗಳನ್ನು ಇವತ್ತೇ ಅಪ್ಪನ ಪಕ್ಕದಲ್ಲಿ ಮಲಗಿಸಿ.

ನನಗೂ ಮೊದಲು ಟಿಬಿ ಮಾತ್ರೆಯೇ ಕೊಟ್ಟಿದ್ದರು. ಆಮೇಲೆ ರಕ್ತದ ಎಸಿಇ ಪರೀಕ್ಷೆಯ (ಈ ರೋಗದಲ್ಲಿ ಏರಬಹುದಾದ ಒಂದು ಕಿಣ್ವದ ಅಳತೆ) ಹಿಂದೆ ಬಿದ್ದು ನಾನು ವರ್ಷಗಟ್ಟಲೆ ಹಣ ಸುರಿದೆ. ಸಂಖ್ಯೆ ಇಳಿದರೆ ಮನೆಯಲ್ಲಿ ಹೋಳಿಗೆ, ಏರಿದರೆ ನಿದ್ದೆಯಿಲ್ಲ. ಒಮ್ಮೆ ಅದು ದಿಢೀರನೆ ಕೆಳಗಿಳಿಯಿತು. ರೋಗ ವಾಸಿಯಾಯಿತೆಂದು ಕುಣಿದಾಡಿದೆ. ಆ ತಿಂಗಳು ರಕ್ತದೊತ್ತಡಕ್ಕೆ ಹೊಸದಾಗಿ ಶುರುಮಾಡಿದ್ದ ಮಾತ್ರೆಯೇ ಆ ಸಂಖ್ಯೆಯನ್ನು ಇಳಿಸಿತ್ತು ಎಂದು ತಿಳಿದದ್ದು ಬಹಳ ತಡವಾಗಿ. ಶ್ವಾಸಕೋಶ ಮಾತ್ರ ತನ್ನ ಪಾಡಿಗೆ ಹದಗೆಡುತ್ತಿತ್ತು. ಒಂದೇ ಒಂದು ಸಂಖ್ಯೆಗೆ ಜೀವವನ್ನು ಕಟ್ಟಿಹಾಕಬೇಡಿ.

ಸ್ಲೈಡ್ ನೋಡುವವಳು, ಬಳ್ಳಾರಿ:

ಗಂಗಾವತಿಯ ಅಕ್ಕನವರೇ, ನಾನು ಅಂಗಾಂಶ ಪರೀಕ್ಷೆಯ ವೈದ್ಯೆ. ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ನನ್ನ ಮೇಜಿಗೆ ಬರುವ ಚೂರುಗಳಿಗೆ ನಾನೂ ಇದನ್ನೇ ಕೇಳುತ್ತೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಓದಿ.

ಚಿಕ್ಕಮ್ಮನಿಗೆ ಮಾಡಿದಂಥ ಪರೀಕ್ಷೆ, ಎಂದರೆ ಅಂಗಾಂಶದಿಂದಲೇ ರೋಗದ ಗತಿ ಹೇಳುವ ಒಪ್ಪಿತ ಪರೀಕ್ಷೆ, ಸಾರ್ಕಾಯ್ಡೋಸಿಸ್‌ಗೆ ಇನ್ನೂ ಇಲ್ಲ. ಬಳ್ಳಾರಿಯಲ್ಲಷ್ಟೇ ಅಲ್ಲ, ಎಲ್ಲಿಯೂ ಇಲ್ಲ. ಹಾಗಾಗಿ ಯಾರಾದರೂ ಅಂಥದ್ದು ಮಾಡಿಕೊಡುತ್ತೇವೆಂದು ಹಣ ಕೇಳಿದರೆ ಕೊಡಬೇಡಿ. ಆದರೆ ಹುಡುಕಾಟ ಗಟ್ಟಿಯಾಗಿಯೇ ನಡೆದಿದೆ.

ನಿಮ್ಮ ತಮ್ಮನ ಗಡ್ಡೆಯನ್ನು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿ ಇಟ್ಟು, ಮೇಣ ತುಂಬಿ, ಕೂದಲಿಗಿಂತ ಎಷ್ಟೋ ತೆಳ್ಳಗೆ, ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ದು, ಬಣ್ಣ ಕಟ್ಟಿ ನೋಡಿರುತ್ತಾರೆ. ಅದರಲ್ಲಿ ಕಾಣುವ ಗ್ರ್ಯಾನುಲೋಮಾ ಎಂದರೆ ರಕ್ಷಣಾ ಕೋಶಗಳು ಕಟ್ಟಿಕೊಂಡ ಗುಂಪು. ನಡುವೆ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ಕೆಲವು ಒಂದಕ್ಕೊಂದು ಬೆಸೆದು ಹಲವು ಕೇಂದ್ರಗಳಿರುವ ದೈತ್ಯ ಕೋಶಗಳಾಗಿರುತ್ತವೆ. ಒಳಗೂ ಸುತ್ತಲೂ ಟಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಣಾ ಕೋಶಗಳು. ಅವು ಬಿಡುವ ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್ಎಫ್ ಎಂಬ ಸಂದೇಶಗಳು ಈ ಗುಂಪನ್ನು ಚದುರದಂತೆ ಹಿಡಿದಿಡುತ್ತವೆ. ಟಿಬಿಯಲ್ಲಿ ಸಾಮಾನ್ಯವಾಗಿ ನಡುಭಾಗ ಸತ್ತು ಗಿಣ್ಣದಂತೆ ಮೆತ್ತಗಾಗಿರುತ್ತದೆ. ಸಾರ್ಕಾಯ್ಡೋಸಿಸ್‌ನಲ್ಲಿ ಹಾಗಾಗುವುದಿಲ್ಲ. ‘ಸಾಮಾನ್ಯವಾಗಿ’ ಎಂಬ ಮಾತನ್ನು ಬೇಕೆಂದೇ ಬರೆದೆ. ಗಿಣ್ಣವಿಲ್ಲದ ಟಿಬಿಯನ್ನೂ ನಾನು ನೋಡಿದ್ದೇನೆ.

ಕಷ್ಟ ಇರುವುದು ಇಲ್ಲಿ. ಎರಡು ವರ್ಷದಲ್ಲಿ ಗುರುತೂ ಇಲ್ಲದಂತೆ ಕರಗಿಹೋಗುವ ಗ್ರ್ಯಾನುಲೋಮಾ ಮತ್ತು ಹತ್ತು ವರ್ಷ ಉಳಿದು ಶ್ವಾಸಕೋಶವನ್ನು ನಾರಾಗಿಸುವ ಗ್ರ್ಯಾನುಲೋಮಾ, ಎರಡೂ ಮೊದಲ ದಿನ ನನ್ನ ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ. ಸಸಿಮಡಿಯಲ್ಲಿ ಬೆರಕೆ ಭತ್ತವೂ ನಿಜವಾದ ತಳಿಯೂ ಒಂದೇ ಹಸಿರಾಗಿರುವ ಹಾಗೆ. ತೆನೆ ಬಂದಾಗಲೇ ತಿಳಿಯುವುದಾದರೆ ರೈತನಿಗೆ ತಡವಾಯಿತು. ನಾರು ಕಟ್ಟುವುದು ಗುಂಪಿನ ಹೊರ ಅಂಚಿನಿಂದ ಶುರುವಾಗಿ ಒಳಗೆ ಸರಿಯುತ್ತದೆ. ಆದರೆ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಅರ್ಧ ನಡೆದಿರುತ್ತದೆ. ಆದ್ದರಿಂದ ಈಗ ಹುಡುಕುತ್ತಿರುವುದು ಆಕಾರವನ್ನಲ್ಲ, ಆ ಕೋಶಗಳ ಒಳಗೆ ಯಾವ ಸ್ವಿಚ್ ಹೊತ್ತಿಕೊಂಡಿದೆ ಎಂಬುದನ್ನು.

2017ರಲ್ಲಿ ವಿಯೆನ್ನಾದ ಸಂಶೋಧಕರ ತಂಡವೊಂದು ನನ್ನ ಮಟ್ಟಿಗೆ ಬಹಳ ದೊಡ್ಡ ಸುಳಿವು ಕೊಟ್ಟಿತು. ಮ್ಯಾಕ್ರೊಫೇಜ್‌ಗಳಲ್ಲಿ ಎಂಟಾರ್‌ಸಿ-1 ಎಂಬ ವ್ಯವಸ್ಥೆ ಇದೆ. ಆಹಾರ ಸಿಕ್ಕಿದೆ, ಬೆಳೆ ಎಂದು ಕೋಶಕ್ಕೆ ಹೇಳುವುದು ಅದರ ಕೆಲಸ. ಇಲಿಗಳ ಮ್ಯಾಕ್ರೊಫೇಜ್‌ಗಳಲ್ಲಿ ಅದರ ಕಡಿವಾಣವನ್ನು ಕಿತ್ತಾಗ, ಯಾವ ಸೋಂಕೂ ಇಲ್ಲದೆ ಗ್ರ್ಯಾನುಲೋಮಾಗಳು ಎದ್ದವು. ಬಳಿಕ ರೋಗಿಗಳ ಅಂಗಾಂಶವನ್ನು ನೋಡಿದರು. ಈ ವ್ಯವಸ್ಥೆ ಜೋರಾಗಿ ಹೊತ್ತಿಕೊಂಡಿದ್ದಕ್ಕೂ ರೋಗ ಮುಂದುವರಿದದ್ದಕ್ಕೂ ನಂಟು ಕಂಡಿತು. ಆ ವ್ಯವಸ್ಥೆ ಹೊತ್ತಿಕೊಂಡರೆ ಎಸ್6 ಎಂಬ ಪ್ರೋಟೀನ್‌ಗೆ ರಂಜಕ ಅಂಟಿಕೊಳ್ಳುತ್ತದೆ. ಅಂಟಿಕೊಂಡಿದೆಯೇ ಎಂಬುದನ್ನು ಮೇಣದ ಬ್ಲಾಕ್‌ನಿಂದ ಕೊಯ್ದ ಹಾಳೆಯ ಮೇಲೆಯೇ ಬಣ್ಣ ಕಟ್ಟಿ ನೋಡಬಹುದು. ನಿಮ್ಮ ತಮ್ಮನ ಬ್ಲಾಕ್‌ನಂಥದ್ದೇ ಬ್ಲಾಕ್! ಅದೇ ಊರಿನಿಂದ 2024ರಲ್ಲಿ ಒಂದು ಸಣ್ಣ ಪ್ರಯೋಗದ ಫಲಿತಾಂಶವೂ ಬಂತು. ಚರ್ಮದಲ್ಲಿ ಹಟ ಹಿಡಿದ ಸಾರ್ಕಾಯ್ಡೋಸಿಸ್ ಇದ್ದ 10 ಜನರಿಗೆ ಇದೇ ಎಂಟಾರ್ ವ್ಯವಸ್ಥೆಯನ್ನು ತಡೆಯುವ ಸಿರೋಲಿಮಸ್ ಎಂಬ ಔಷಧಿ ಕೊಟ್ಟರು, 7 ಜನರಲ್ಲಿ ಗುಣ ಕಂಡಿತು. ಹತ್ತೇ ಜನ ಎಂಬುದನ್ನು ಮರೆಯಬೇಡಿ.

ಇನ್ನೊಂದು ದಾರಿ ಮ್ಯಾಕ್ರೊಫೇಜ್‌ಗಳ ಸ್ವಭಾವವನ್ನು ನೋಡುವುದು. ಕೆಲವು ಕಾದಾಡುವ ಗುಣದವು, ಕೆಲವು ಗಾಯ ಮುಚ್ಚುವ ಗುಣದವು. ಗಾಯ ಮುಚ್ಚುವವು ಹೆಚ್ಚಾದರೆ ಸಿಸಿಎಲ್18 ಎಂಬ ಸಂದೇಶವನ್ನು ಬಿಡುತ್ತಾ ನಾರು ಕಟ್ಟುವುದಕ್ಕೆ ಕುಮ್ಮಕ್ಕು ಕೊಡುತ್ತವೆ. ಜ್ಯಾಕ್-ಸ್ಟ್ಯಾಟ್ ಎಂಬ ಮತ್ತೊಂದು ಸಂದೇಶದ ಹಾದಿಯೂ ಗ್ರ್ಯಾನುಲೋಮಾಗಳಲ್ಲಿ ಉರಿಯುತ್ತಿರುವುದು ಕಂಡಿದೆ. ಅದನ್ನು ತಡೆಯುವ ಟೊಫಾಸಿಟಿನಿಬ್ ಚರ್ಮದ ರೋಗದಲ್ಲಿ ಫಲ ಕೊಟ್ಟ ವರದಿ 2018ರಲ್ಲೇ ಬಂದಿದೆ. ಹೀಗೆ ಸುಳಿವುಗಳು ಹಲವು. ಇವುಗಳಲ್ಲಿ ಒಂದನ್ನು ಹಿಡಿದು, ನೂರಾರು ರೋಗಿಗಳ ಮೊದಲ ದಿನದ ಚೂರನ್ನೂ ಐದು ವರ್ಷದ ನಂತರದ ಶ್ವಾಸಕೋಶವನ್ನೂ ಜೋಡಿಸಿ ನೋಡುವ ಕೆಲಸ ಬಾಕಿ ಇದೆ.

ಗಂಗಾವತಿಯ ಅಕ್ಕ:

ಮೇಡಂ, ಕೈಮುಗಿದೆ. ಗಿಣ್ಣದ ಮಾತು ಓದಿದ ಮೇಲೆ ವರದಿಯ ಅರ್ಥ ಆಯಿತು. ಒಂದು ಅನುಮಾನ. ಗಡ್ಡೆ ಪೂರ್ತಿ ತೆಗೆದಾಗ ಟಿಬಿ ಕಲ್ಚರ್ ಮಾಡಿದ್ದೀರಾ ಎಂದು ಈಗಿನ ವೈದ್ಯರು ಕೇಳಿದರು. ಆಗಿಲ್ಲ. ಚೂರನ್ನೆಲ್ಲ ಒಂದೇ ಬಾಟಲಿಗೆ ಹಾಕಿದ್ದರಂತೆ. ಇದರಿಂದ ಏನು ಕಳೆದುಕೊಂಡೆವು?

ನಿವೃತ್ತ ಲ್ಯಾಬ್ ತಂತ್ರಜ್ಞ, ಹೊಸಪೇಟೆ:

ಇದಕ್ಕೆ ನಾನು ಉತ್ತರಿಸುತ್ತೇನೆ ತಾಯಿ. ಮೂವತ್ತು ವರ್ಷ ಇದೇ ಸಂಕಟ ನೋಡಿದವನು. ಫಾರ್ಮಲಿನ್‌ಗೆ ಬಿದ್ದ ಚೂರಿನಲ್ಲಿ ರೋಗಾಣು ಬದುಕುವುದಿಲ್ಲ, ಮತ್ತೆ ಬೆಳೆಸಿ ನೋಡಲು ಬರುವುದಿಲ್ಲ. ಗಡ್ಡೆ ತೆಗೆಯುವ ದಿನ ಎರಡು ಬಾಟಲಿ ಬೇಕು. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಸಲೈನ್‌ನ ಚೂರು ತಡಮಾಡದೆ ಕಲ್ಚರ್‌ಗೂ, ಟಿಬಿ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೂ ಹೋಗಬೇಕು. ಈ ವೇದಿಕೆಯಲ್ಲಿ ಯಾರ ಮನೆಯವರಿಗಾದರೂ ನಾಳೆ ಗಡ್ಡೆ ತೆಗೆಯುವುದಿದ್ದರೆ, ಒಳಗೆ ಕರೆದುಕೊಂಡು ಹೋಗುವ ಮೊದಲೇ ವೈದ್ಯರನ್ನು ಕೇಳಿ: ‘ಸರ್, ಸಲೈನ್‌ನಲ್ಲೂ ಒಂದು ಚೂರು ಹಾಕುತ್ತೀರಲ್ಲವೇ?’

ಬ್ಲಾಕ್ ಬಗ್ಗೆಯೂ ಹೇಳುತ್ತೇನೆ. ಬರವಣಿಗೆಯಲ್ಲಿ ಅರ್ಜಿ ಕೊಟ್ಟರೆ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಸಾಮಾನ್ಯವಾಗಿ ಕೊಡುತ್ತಾರೆ. ಬಯಾಪ್ಸಿ ಸಂಖ್ಯೆ ಬರೆದುಕೊಳ್ಳಿ, ಬ್ಲಾಕ್ ಮೇಲಿನ ಸಂಖ್ಯೆಯೂ ವರದಿಯ ಸಂಖ್ಯೆಯೂ ಒಂದೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಈ ಮೇಣ 60 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 40 ದಾಟುತ್ತದೆ. ಬಿಸಿಲಿಗೆ ನಿಂತ ಕಾರಿನ ಗಾಜಿನ ಕೆಳಗೆ, ಬೈಕ್‌ನ ಡಬ್ಬಿಯಲ್ಲಿ ಬ್ಲಾಕ್ ಇಡಲೇಬೇಡಿ. ಬೆಳಗಿನ ಬಸ್ಸಿಗೆ ಹೋಗಿ, ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿ ತನ್ನಿ.

ಎದೆರೋಗ ವೈದ್ಯ, ರಾಯಚೂರು:

ಅಕ್ಕನವರೇ, ಅಂಗಾಂಶ ಇನ್ನೂ ಭವಿಷ್ಯ ಹೇಳುತ್ತಿಲ್ಲ ಎಂಬುದು ನಿಜ. ಹಾಗೆಂದು ನಾವು ಪೂರ್ತಿ ಕತ್ತಲಲ್ಲೂ ಇಲ್ಲ. ಎಕ್ಸ್‌ರೇ ನೋಡಿ ಹಂತ ಹೇಳುವ ಕ್ರಮ 1961ರಿಂದ ಇದೆ. ಗ್ರಂಥಿಗಳು ಮಾತ್ರ ದಪ್ಪಗಾಗಿ ಶ್ವಾಸಕೋಶ ಶುಭ್ರವಾಗಿದ್ದರೆ ಅದು ಒಂದನೆಯ ಹಂತ. ಅಂಥವರಲ್ಲಿ 100ಕ್ಕೆ 55ರಿಂದ 90 ಜನರಿಗೆ ತಾನಾಗಿಯೇ ಗುಣವಾಗುತ್ತದೆ ಎಂಬುದು ಅಂತರರಾಷ್ಟ್ರೀಯ ಲೆಕ್ಕ. ಗ್ರಂಥಿಯ ಜೊತೆ ಶ್ವಾಸಕೋಶದಲ್ಲೂ ನೆರಳಿದ್ದರೆ 40ರಿಂದ 70. ಶ್ವಾಸಕೋಶದಲ್ಲಿ ಮಾತ್ರ ಇದ್ದರೆ 10ರಿಂದ 20. ನಾರು ಕಟ್ಟಿ ಕುಗ್ಗಿದ ನಾಲ್ಕನೆಯ ಹಂತದಿಂದ ಹಿಂದಿರುಗುವ ದಾರಿ ಇಲ್ಲ. ನೀವು ಬರೆದದ್ದನ್ನು ನೋಡಿದರೆ ತಮ್ಮನದು ಮೊದಲನೆಯ ಹಂತ. ಕಾಯೋಣ ಎಂದ ವೈದ್ಯರು ಉಪೇಕ್ಷೆ ಮಾಡಿಲ್ಲ, ಸರಿಯಾದುದನ್ನೇ ಮಾಡಿದ್ದಾರೆ.

ಆದರೆ ಸುಮ್ಮನೆ ಕಾಯುವುದಲ್ಲ. ಕಣ್ಣಿನ ತಜ್ಞರಿಂದ ಒಳಗಣ್ಣಿನ ಪರೀಕ್ಷೆ, ಒಂದು ಇಸಿಜಿ, ರಕ್ತದಲ್ಲಿ ಕ್ಯಾಲ್ಸಿಯಂ, ಊದಿ ನೋಡುವ ಉಸಿರಾಟದ ಪರೀಕ್ಷೆ, ಇವಿಷ್ಟು ಆಗಲೇಬೇಕು. ಹೃದಯಕ್ಕೆ ಅಥವಾ ನರಮಂಡಲಕ್ಕೆ ರೋಗ ತಗಲುವುದು, ಮೂಗು ಕೆನ್ನೆಯ ಮೇಲಿನ ನೇರಳೆ ಬಣ್ಣದ ದಪ್ಪ ಮಚ್ಚೆ, ಇವೆಲ್ಲ ರೋಗ ಉದ್ದಕ್ಕೆ ಎಳೆಯುವ ಲಕ್ಷಣಗಳು. ಎದೆ ಡವಗುಟ್ಟಿ ಕಣ್ಣು ಕತ್ತಲೆ ಬಂದರೆ ಮೂರು ತಿಂಗಳು ಕಾಯಬಾರದು, ಅದೇ ದಿನ ಹೋಗಬೇಕು. ಅವನು ಲಾರಿ ಓಡಿಸುವವನು ಎಂಬುದನ್ನೂ ನೆನಪಿಡಿ.

ಮುಂದೆ ಔಷಧಿ ಬೇಕಾದರೆ ಹೆದರಬೇಡಿ. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು 40 ಮಿಲಿಗ್ರಾಂನಿಂದ ಶುರುಮಾಡುವುದು ಮೇಲೋ 20ರಿಂದ ಮೇಲೋ ಎಂದು ಹೋಲಿಸಿ ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಚ್ಚು ಪ್ರಮಾಣ ಕೊಟ್ಟದ್ದರಿಂದ ರೋಗ ಮರುಕಳಿಸುವುದು ಕಡಿಮೆಯಾಗಲಿಲ್ಲ. ನೆದರ್ಲೆಂಡ್ಸ್‌ನ 2025ರ ಪ್ರಯೋಗದಲ್ಲಿ ಮೊದಲ ಔಷಧಿಯಾಗಿ ಮೆಥೊಟ್ರೆಕ್ಸೇಟ್ ಕೊಟ್ಟರೂ ಸ್ಟಿರಾಯ್ಡ್‌ಗಿಂತ ಕಡಿಮೆ ಬೀಳಲಿಲ್ಲ.

ಕುಷ್ಟಗಿಯ ಓದುಗ:

ನಮ್ಮ ಊರಲ್ಲಿ ಒಬ್ಬರಿಗೆ ವಿಟಮಿನ್ ಡಿ ಕಡಿಮೆ ಇದ್ದದ್ದೇ ಇಂಥ ಗಡ್ಡೆಗೆ ಕಾರಣ ಎಂದು ಹೇಳಿ, ವಾರಕ್ಕೊಂದು ಪುಡಿ ಪೊಟ್ಟಣ ಕೊಟ್ಟು, ಬೆಳಗಿನ ಬಿಸಿಲಿಗೆ ಕೂರಿಸಿದ್ದರು. ಖರ್ಚೂ ಕಡಿಮೆ. ಪ್ರಯತ್ನಿಸಿ ನೋಡಬಹುದಲ್ಲವೇ?

ಎದೆರೋಗ ವೈದ್ಯ, ರಾಯಚೂರು:

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಬೇಡ, ದಯವಿಟ್ಟು ಬೇಡ. ಸಾರ್ಕಾಯ್ಡೋಸಿಸ್‌ನ ಮ್ಯಾಕ್ರೊಫೇಜ್‌ಗಳು ಮೂತ್ರಪಿಂಡದ ಅಪ್ಪಣೆಗೆ ಕಾಯದೆ ವಿಟಮಿನ್ ಡಿಯನ್ನು ಅದರ ಚುರುಕಾದ ರೂಪಕ್ಕೆ ತಾವೇ ಬದಲಿಸುತ್ತವೆ. ಸಾಮಾನ್ಯ ಪರೀಕ್ಷೆ ಅಳೆಯುವುದು ಸಂಗ್ರಹದಲ್ಲಿರುವ ರೂಪವನ್ನು. ಅದು ಕಡಿಮೆ ಕಂಡರೂ ಚುರುಕಾದ ರೂಪ ಹೆಚ್ಚೇ ಇರಬಹುದು. ಆ ಒಂದು ಸಂಖ್ಯೆ ನೋಡಿ 60,000 ಯೂನಿಟ್‌ನ ಪೊಟ್ಟಣ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಮಂಪರು, ಮೂತ್ರದಲ್ಲಿ ಕಲ್ಲು, ಮೂತ್ರಪಿಂಡಕ್ಕೆ ಪೆಟ್ಟು. ನಮ್ಮ ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದರೆ ಇನ್ನೂ ಬೇಗ. ಕ್ಯಾಲ್ಸಿಯಂ ನೋಡದೆ, ತಮ್ಮ ವೈದ್ಯರು ಹೇಳದೆ, ಈ ರೋಗದವರು ಯಾರೂ ಆ ಪೊಟ್ಟಣ ಮುಟ್ಟಬಾರದು.

ತೋರಣಗಲ್ಲಿನ ಕೆಲಸಗಾರ:

ಟಿಪ್ಪರ್ ಓಡಿಸುತ್ತಿದ್ದ ಎಂದಿರಿ. ಗಣಿ ದೂಳಿನಿಂದ ಆಗುವ ಸಿಲಿಕೋಸಿಸ್‌ನಲ್ಲೂ ಗ್ರಂಥಿ ದಪ್ಪಗಾಗುತ್ತದೆ ಎಂದು ಕೇಳಿದ್ದೇನೆ. ಅದು ಇದಲ್ಲ ಎಂದು ಹೇಗೆ ಹೇಳುತ್ತೀರಿ?

ಸ್ಲೈಡ್ ನೋಡುವವಳು, ಬಳ್ಳಾರಿ:

ಕೇಳಲೇಬೇಕಾದ ಪ್ರಶ್ನೆ. ನಮ್ಮ ಜಿಲ್ಲೆಗಳಲ್ಲಿ ಕೆಲಸದ ಇತಿಹಾಸ ಬರೆಯದ ಬಯಾಪ್ಸಿ ಚೀಟಿ ಅರ್ಧ ಚೀಟಿ. ಸಿಲಿಕಾ ದೂಳಿನ ಗಂಟು ಈರುಳ್ಳಿಯ ಪದರದಂತೆ ಸುತ್ತು ಸುತ್ತಾಗಿ, ನಾರು ತುಂಬಿ, ಕೋಶಗಳು ವಿರಳವಾಗಿ ಕಾಣುತ್ತದೆ. ಧ್ರುವೀಕರಿಸಿದ ಬೆಳಕಿನಲ್ಲಿ ಅದೇ ಸ್ಲೈಡ್ ನೋಡಿದರೆ ದೂಳಿನ ಕಣಗಳು ಮಿನುಗುತ್ತವೆ. ಹೊಸ ಚೂರು ಬೇಕಿಲ್ಲ. ಆದರೆ ಮಿನುಗಿದ್ದೆಲ್ಲ ದೂಳಲ್ಲ. ಸಾರ್ಕಾಯ್ಡೋಸಿಸ್‌ನ ದೈತ್ಯ ಕೋಶಗಳಲ್ಲೂ ಕ್ಯಾಲ್ಸಿಯಂ ಹರಳುಗಳು ಮಿನುಗುವುದುಂಟು. ಬೆರಿಲಿಯಂ ಲೋಹದ ದೂಳು ತರುವ ರೋಗವಂತೂ ಸ್ಲೈಡ್‌ನಲ್ಲಿ ಸಾರ್ಕಾಯ್ಡೋಸಿಸ್‌ನ ಅವಳಿ. ಅದನ್ನು ಬೇರ್ಪಡಿಸುವುದು ಕೆಲಸದ ಇತಿಹಾಸ ಮತ್ತು ವಿಶೇಷ ರಕ್ತಪರೀಕ್ಷೆ. ಅಕ್ಕನವರೇ, ಟಿಪ್ಪರ್ ಓಡಿಸಿದ ಆರು ವರ್ಷ ವರದಿಯಲ್ಲಿ ಎಲ್ಲಾದರೂ ಬರೆದಿದೆಯೇ?

ಗಂಗಾವತಿಯ ಅಕ್ಕ:

ಇಲ್ಲ ಮೇಡಂ. ಯಾರೂ ಕೇಳಲಿಲ್ಲ, ನಮಗೂ ಹೇಳಬೇಕೆಂದು ತಿಳಿಯಲಿಲ್ಲ.

ಸಿಂಧನೂರಿನ ರೈತ:

ನೋವಿನಿಂದ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ವಿಯೆನ್ನಾ, ನೆದರ್ಲೆಂಡ್ಸ್ ಎಂದು ಓದುತ್ತಿದ್ದೇನೆ. ನನ್ನ ಹೆಂಡತಿ ಇದೇ ರೋಗದಿಂದ ಆಮ್ಲಜನಕದ ಮೇಲೆ ಇದ್ದಾಳೆ. ಅಲ್ಲಿ ಸಿಕ್ಕ ಗುರುತು ನಮ್ಮ ದೇಹಕ್ಕೆ ಹೊಂದುತ್ತದೆಯೇ? ನಮ್ಮನ್ನು ಯಾರಾದರೂ ಲೆಕ್ಕಕ್ಕೆ ಹಿಡಿದಿದ್ದಾರೆಯೇ?

ಸ್ಲೈಡ್ ನೋಡುವವಳು, ಬಳ್ಳಾರಿ:

ಸರ್, ನಿಮ್ಮ ಮನೆಯವರಿಗೆ ಉಸಿರು ಹಗುರವಾಗಲಿ. ನಿಮ್ಮ ಪ್ರಶ್ನೆ ಈ ಇಡೀ ಹುಡುಕಾಟದ ಮರ್ಮಕ್ಕೆ ತಾಗುತ್ತದೆ.

ಈ ರೋಗದ ಗತಿಯನ್ನು ಮೊದಲೇ ಹೇಳಲು ಸಾಧ್ಯ ಎಂಬುದಕ್ಕೆ ಬಲವಾದ ಸಾಕ್ಷಿ ಸ್ವೀಡನ್‌ನಲ್ಲಿದೆ. ಅಲ್ಲಿ ಲೋಫ್‌ಗ್ರೆನ್ ಲಕ್ಷಣಕೂಟ ಎಂಬ ರೂಪ ಬಹಳ. ಜ್ವರ, ಕಣಕಾಲಿನ ಊತ, ಮೊಣಕಾಲ ಕೆಳಗೆ ಕೆಂಪು ಗಂಟು, ಎದೆಯಲ್ಲಿ ಗ್ರಂಥಿಗಳು. ಅವರಲ್ಲಿ ಡಿಆರ್‌ಬಿ1*03 ಎಂಬ ವಂಶವಾಹಿ ರೂಪ ಇದ್ದವರಿಗೆ ಎರಡು ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲರಿಗೂ ಗುಣವಾಗುತ್ತದೆ. ಅಲ್ಲಿಯ ವೈದ್ಯರು ಮೊದಲ ದಿನವೇ ಧೈರ್ಯ ಹೇಳಬಲ್ಲರು. ಆದರೆ ಲೋಫ್‌ಗ್ರೆನ್ ರೂಪ ನಮ್ಮಲ್ಲಿ ಅಪರೂಪ. ಅವರ ಕೀಲಿಕೈ ನಮ್ಮ ಬಹುತೇಕ ಬೀಗಗಳಿಗೆ ಆಗದು. ಮೇಲಾಗಿ ನಮ್ಮಲ್ಲಿ ಟಿಬಿ ವ್ಯಾಪಕ, ಅಡುಗೆಮನೆ ಹೊಗೆ, ಗಣಿ ದೂಳು, ಅಕ್ಕಿ ಗಿರಣಿಯ ಹೊಟ್ಟು, ಮೊದಲು ಆರು ತಿಂಗಳು ಟಿಬಿ ಮಾತ್ರೆ ನುಂಗಿ ಬಂದ ಅಂಗಾಂಶ. ಇವನ್ನೆಲ್ಲ ಒಳಗೊಳ್ಳದ ಗುರುತು ನಮ್ಮ ರೋಗಿಗೆ ಸರಿಯಾದ ಮಾತು ಹೇಳಲಾರದು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ನಮ್ಮ ಕಪಾಟುಗಳಲ್ಲಿ ಗ್ರ್ಯಾನುಲೋಮಾ ಬ್ಲಾಕ್‌ಗಳಿಗೆ ಕೊರತೆಯಿಲ್ಲ. ಆ ರೋಗಿ ಐದು ವರ್ಷದ ನಂತರ ಹೇಗಿದ್ದಾನೆ ಎಂಬ ಒಂದು ಸಾಲು ಮಾತ್ರ ಇಲ್ಲ. ಊರು ಬದಲಾಗುತ್ತದೆ, ಮೊಬೈಲ್ ಸಂಖ್ಯೆ ಬದಲಾಗುತ್ತದೆ, ಆಸ್ಪತ್ರೆ ಬದಲಾಗುತ್ತದೆ. ಚೂರು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಎರಡನ್ನೂ ಕೂಡಿಸದೆ ಯಾವ ಬಣ್ಣ ಕಟ್ಟಿದರೂ ಅದು ಬಣ್ಣವಷ್ಟೇ. ಹೊಸ ಯಂತ್ರಕ್ಕಿಂತ ಮೊದಲು ನಮಗೆ ಬೇಕಾದದ್ದು ಒಂದು ದಪ್ಪ ದಾಖಲೆ ಪುಸ್ತಕ, ರೋಗಿಯ ಒಪ್ಪಿಗೆ, ವರ್ಷಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುವ ಒಬ್ಬ ಮನುಷ್ಯ.

ಹನ್ನೆರಡು ವರ್ಷದ ರೋಗಿ, ರಾಯಚೂರು:

ನನ್ನ ಬ್ಲಾಕ್ ಎಲ್ಲಿದೆ ಎಂದು ನಾಳೆಯೇ ವಿಚಾರಿಸುತ್ತೇನೆ. ಹನ್ನೆರಡು ವರ್ಷದ ಎಕ್ಸ್‌ರೇಗಳೆಲ್ಲ ಟ್ರಂಕಿನಲ್ಲಿವೆ.

ಗಂಗಾವತಿಯ ಅಕ್ಕ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಅರ್ಜಿ ಕೊಟ್ಟು ಬ್ಲಾಕ್ ಮತ್ತು ಎರಡು ಸ್ಲೈಡ್ ತೆಗೆದುಕೊಂಡೆವು. ಹೊಸಪೇಟೆಯ ಹಿರಿಯರು ಹೇಳಿದಂತೆ ಸಂಖ್ಯೆ ನೋಡಿ, ಊಟದ ಡಬ್ಬಿಯಲ್ಲಿ ಹತ್ತಿ ಹಾಕಿ, ಬೆಳಗಿನ ಬಸ್ಸಿಗೇ ತಂದೆವು. ಬೇರೊಬ್ಬ ತಜ್ಞರಲ್ಲಿ ಮತ್ತೆ ಓದಿಸಿದೆವು. ಟಿಪ್ಪರ್ ಕೆಲಸದ ಆರು ವರ್ಷವನ್ನು ಚೀಟಿಯ ಮೇಲೆ ನಾನೇ ಬರೆಸಿದೆ. ಧ್ರುವೀಕರಿಸಿದ ಬೆಳಕಿನಲ್ಲಿ ದೂಳಿನ ಕಣ ಕಾಣಲಿಲ್ಲ. ಗಿಣ್ಣವಿಲ್ಲ, ಟಿಬಿ ರೋಗಾಣು ಕಾಣಲಿಲ್ಲ. ಹೆಸರು ಮೊದಲಿನದೇ.

ಕಣ್ಣಿನ ಪರೀಕ್ಷೆಯಲ್ಲಿ ಮಾತ್ರ ಬಲಗಣ್ಣಿನ ಒಳಗೆ ಉರಿಯೂತ ಇದೆ ಎಂದರು. ಅವನ ಕಣ್ಣು ಕೆಂಪಾಗುತ್ತಿದ್ದದ್ದು ರಾತ್ರಿ ಲಾರಿ ಓಡಿಸುವುದರಿಂದ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಈಗ ಹನಿ ಔಷಧಿ ಹಾಕುತ್ತಿದ್ದೇವೆ. ಕ್ಯಾಲ್ಸಿಯಂ, ಇಸಿಜಿ ಸರಿಯಿವೆ. ಮುಂದಿನ ಎಕ್ಸ್‌ರೇ ಜಾತ್ರೆಯ ವಾರದಲ್ಲಿಯೇ ಬರುತ್ತದೆ. ಮಗಳು ಅಪ್ಪನ ಪಕ್ಕದಲ್ಲೇ ಮಲಗುತ್ತಿದ್ದಾಳೆ.

ಮೇಡಂ, ನೀವು ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ತನ್ನ ಚೂರು ಯಾರಿಗಾದರೂ ಉಪಯೋಗವಾಗುವುದಾದರೆ ಕೊಡು, ವರ್ಷಕ್ಕೊಮ್ಮೆ ಫೋನ್ ಬಂದರೆ ಎತ್ತುತ್ತೇನೆ ಎಂದ. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ತಿಳಿಸಿ. ಅವನು ಏಳನೆಯ ತರಗತಿಯವರೆಗೆ ಓದಿದ್ದಾನೆ, ತಾನೇ ಓದಿ ಸಹಿ ಹಾಕುತ್ತಾನೆ.

ಸ್ಲೈಡ್ ನೋಡುವವಳು, ಬಳ್ಳಾರಿ:

ಈಗಿರುವುದು ಇಂಗ್ಲಿಷಿನಲ್ಲಿ ಮಾತ್ರ. ಭಾನುವಾರ ಕೂತು ಕನ್ನಡದಲ್ಲಿ ಬರೆಯುತ್ತೇನೆ. ನೈತಿಕ ಸಮಿತಿ ಅದನ್ನು ಒಪ್ಪಬೇಕು, ಸ್ವಲ್ಪ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಬ್ಲಾಕ್ ನಿಮ್ಮಲ್ಲೇ ತಂಪಾದ ಜಾಗದಲ್ಲಿರಲಿ. ಬರೆದ ಕರಡನ್ನು ಮೊದಲು ನಿಮ್ಮ ತಮ್ಮನಿಗೆ ತೋರಿಸುತ್ತೇನೆ. ಅವನಿಗೆ ಅರ್ಥವಾಗದ ಮಾತು ಯಾವುದಿದೆಯೋ ಅದರ ಕೆಳಗೆ ಗೆರೆ ಎಳೆದು ಕಳುಹಿಸಲಿ.